ಆಯಿಲ್ ರಿಂಗ್ ಎಣ್ಣೆಯನ್ನೆಲ್ಲ ಕೆರೆದು ತೆಗೆದರೆ ಮೇಲಿನ ರಿಂಗ್‌ಗಳಿಗೆ ಎಣ್ಣೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಕಾರು. 90,000 ಕಿ.ಮೀ. ಓಡಿದೆ. ಈಚೆಗೆ 10,000 ಕಿ.ಮೀ.ಗೆ ಸುಮಾರು 1 ಲೀಟರ್ ಎಂಜಿನ್ ಆಯಿಲ್ ಕಡಿಮೆಯಾಗುತ್ತಿದೆ, ಕೆಳಗೆ ಎಲ್ಲೂ ಸೋರಿಕೆ ಇಲ್ಲ. ಪಿಸ್ಟನ್ನಿನ ಸುತ್ತ ಕೂರುವ ರಿಂಗ್‌ಗಳ ಬಗ್ಗೆ ಓದುತ್ತಾ ಹೋದೆ, ತಲೆ ಕೆಟ್ಟುಹೋಯಿತು. ಪಂಪು ಬೇರಿಂಗ್‌ಗಳಿಗೆ, ಕ್ಯಾಮ್‌ಶಾಫ್ಟ್‌ಗೆ ಎಣ್ಣೆ ಕಳಿಸುತ್ತದೆ ಸರಿ, ಆದರೆ ಸಿಲಿಂಡರ್ ಗೋಡೆಗೆ ಯಾವ ಪೈಪೂ ಕಾಣಲಿಲ್ಲ. ಹಾಗೂ ಹೀಗೂ ಬಂತು ಅಂತಿಟ್ಟುಕೊಂಡರೂ ಕೆಳಗಿನ ಆಯಿಲ್ ರಿಂಗ್ ಅದನ್ನು ಕೆರೆದು ಹಾಕುತ್ತದೆ ಎನ್ನುತ್ತಾರೆ. ಹಾಗಾದರೆ ಮೇಲಿನ ಎರಡು ರಿಂಗ್ ಒಣಗೋಡೆಯ ಮೇಲೆ ಓಡುತ್ತವೆಯೇ? ಅಲ್ಲಿ ಎಣ್ಣೆ ಇದ್ದರೆ ಬೆಂಕಿಗೆ ಸುಟ್ಟುಹೋಗುವುದಿಲ್ಲವೇ? ನನ್ನ ಎಂಜಿನ್ ಬಿಚ್ಚಿಸಬೇಕೇ?

ಉತ್ತರ: ಒಂದು ಮಾತನ್ನು ಮೊದಲು ಸರಿಮಾಡಿಕೊಳ್ಳೋಣ, ಆಗ ಉಳಿದ ಗಂಟುಗಳು ಒಂದೊಂದಾಗಿ ಬಿಡುತ್ತವೆ. ಆಯಿಲ್ ರಿಂಗ್ ಎಣ್ಣೆಯನ್ನು ಪೂರ್ತಿ ಒರೆಸಿ ಹಾಕುವುದಿಲ್ಲ. ಜಾಸ್ತಿ ಇರುವುದನ್ನು ತೆಗೆದು, ಬೇಕಾದಷ್ಟನ್ನು ಗೋಡೆಯ ಮೇಲೆ ಬಿಟ್ಟುಹೋಗುತ್ತದೆ. ಗಾರೆ ಕೆಲಸದವರನ್ನು ನೋಡಿದ್ದೀರಲ್ವಾ, ಮೊದಲು ಗಾರೆಯನ್ನು ಗೋಡೆಗೆ ಬೀಸಿ ಎಸೆಯುತ್ತಾರೆ, ಆಮೇಲೆ ಉದ್ದನೆಯ ಪಟ್ಟಿ ಹಿಡಿದು ಎಳೆಯುತ್ತಾರೆ. ಹೆಚ್ಚಾದ ಗಾರೆ ಕೆಳಗೆ ಬೀಳುತ್ತದೆ, ಗೋಡೆಯ ಮೇಲೆ ಒಂದೇ ಸಮನಾದ ಪದರ ಉಳಿಯುತ್ತದೆ. ಎಂಜಿನ್ನಿನಲ್ಲಿ ಎಸೆಯುವ ಕೆಲಸ ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ದಂಡದ್ದು, ಅಂದರೆ ಕ್ರ್ಯಾಂಕ್‌ಶಾಫ್ಟ್‌ನದು, ಪಟ್ಟಿ ಎಳೆಯುವ ಕೆಲಸ ಆಯಿಲ್ ರಿಂಗ್‌ನದು.

ಈಗ ಎಸೆಯುವುದು ಹೇಗೆ ಅಂತ ನೋಡಿ. ಪಂಪು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಿಂದ, ಅಂದರೆ ಸಂಪಿನಿಂದ, ಎಣ್ಣೆ ಎಳೆದು, ಫಿಲ್ಟರ್ ದಾಟಿಸಿ, ಎಂಜಿನ್ ಬ್ಲಾಕಿನೊಳಗಿನ ಗ್ಯಾಲರಿಗೆ, ಅಂದರೆ ಎಣ್ಣೆಯ ಮುಖ್ಯ ದಾರಿಗೆ, ತಳ್ಳುತ್ತದೆ. ಅಲ್ಲಿಂದ ಮೇನ್ ಬೇರಿಂಗ್, ಮೇನ್ ಬೇರಿಂಗ್‌ನಿಂದ ಕ್ರ್ಯಾಂಕ್‌ಶಾಫ್ಟ್‌ನೊಳಗೆ ಕೊರೆದಿರುವ ಸಣ್ಣ ದಾರಿಗಳ ಮೂಲಕ ಪಿಸ್ಟನ್ನನ್ನು ಶಾಫ್ಟ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ದೊಡ್ಡ ಬೇರಿಂಗ್. ಅಲ್ಲಿಗೆ ಪಂಪಿನ ದಾರಿ ಮುಗಿಯಿತು. ಆದರೆ ಎಣ್ಣೆಯ ದಾರಿ ಮುಗಿದಿಲ್ಲ. ಆ ಬೇರಿಂಗ್‌ಗೂ ಶಾಫ್ಟ್‌ಗೂ ನಡುವೆ ಕೂದಲಿಗಿಂತ ಕಿರಿದಾದ ಸಂದು ಇರುತ್ತದೆ, ಒತ್ತಡದಿಂದ ಬಂದ ಎಣ್ಣೆ ಆ ಸಂದಿನ ಎರಡೂ ಪಕ್ಕದಿಂದ ಬಿಡದೆ ಹೊರಗೆ ಸುರಿಯುತ್ತಿರುತ್ತದೆ. ಇದು ಸೋರಿಕೆ ಅಲ್ಲ, ಹಾಗೆ ಆಗಲಿ ಅಂತಲೇ ಮಾಡಿರುವುದು. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸುತ್ತು. ಅಷ್ಟು ಜೋರಾಗಿ ತಿರುಗುವ ಕ್ರ್ಯಾಂಕ್ ತನ್ನ ಪಕ್ಕಕ್ಕೆ ಬಂದ ಎಣ್ಣೆಯನ್ನು ಹನಿಹನಿಯಾಗಿ, ಎಳೆಎಳೆಯಾಗಿ ನಾಲ್ಕೂ ಕಡೆ ಚಿಮ್ಮಿಸುತ್ತದೆ. ಪಿಸ್ಟನ್ ಮೇಲಕ್ಕೆ ಹೋದಾಗ ಕೆಳಗೆ ಬರಿದಾಗುವ ಗೋಡೆ ಈ ಎಣ್ಣೆಮಳೆಯಲ್ಲಿ ಚೆನ್ನಾಗಿ ನೆನೆಯುತ್ತದೆ. ನೀವು ಹುಡುಕಿದ ಪೈಪು ಕಾಣದಿರುವುದಕ್ಕೆ ಕಾರಣ ಇಷ್ಟೇ.

ಕೆಲವು ಎಂಜಿನ್‌ಗಳಲ್ಲಿ ಇಷ್ಟನ್ನೇ ನಂಬಿ ಕೂರುವುದಿಲ್ಲ. ರಾಡ್‌ನ ಭುಜದಲ್ಲಿ ಒಂದು ಸಣ್ಣ ತೂತು ಕೊರೆದು, ಶಾಫ್ಟ್‌ನ ತೂತು ಅದಕ್ಕೆ ಎದುರಾದಾಗಲೆಲ್ಲ ಗೋಡೆಯ ಮೇಲೆ ಒಂದು ಚಿಮ್ಮು ಬೀಳುವ ಹಾಗೆ ಮಾಡಿರುತ್ತಾರೆ. ಟರ್ಬೊ ಎಂಜಿನ್‌ಗಳಲ್ಲಿ, ಡೀಸೆಲ್‌ಗಳಲ್ಲಿ ಬ್ಲಾಕಿನ ಕೆಳಗಡೆ ಪುಟ್ಟ ಜೆಟ್‌ಗಳಿರುತ್ತವೆ, ಅವು ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಎಣ್ಣೆ ಹಾರಿಸುತ್ತವೆ. ಪಿಸ್ಟನ್ನನ್ನು ತಣ್ಣಗಿಡುವುದು ಅವುಗಳ ಮುಖ್ಯ ಕೆಲಸ, ಆದರೆ ಅಲ್ಲಿಂದ ಸಿಡಿದು ಬಿದ್ದ ಎಣ್ಣೆ ಗೋಡೆಗೂ ಸಿಗುತ್ತದೆ.

ಒಂದು ತಪ್ಪು ಕಲ್ಪನೆ ಇಲ್ಲೇ ಹೋಗಲಿ. ಕ್ರ್ಯಾಂಕ್‌ಶಾಫ್ಟ್ ಸಂಪಿನ ಎಣ್ಣೆಯಲ್ಲಿ ಮುಳುಗಿ ಕಡೆಯುತ್ತಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹುಲ್ಲು ಕತ್ತರಿಸುವ ಯಂತ್ರದಂಥ ಸಣ್ಣ ಎಂಜಿನ್‌ಗಳಲ್ಲಿ ರಾಡ್‌ನ ತುದಿಗೆ ಒಂದು ಚಮಚದಂಥದ್ದು ಇದ್ದು ಅದು ಎಣ್ಣೆಯನ್ನು ಮೊಗೆದು ಎರಚುವುದು ನಿಜ. ಕಾರಿನಲ್ಲಿ ಹಾಗಲ್ಲ. ಕಾರಿನ ಕ್ರ್ಯಾಂಕ್ ಎಣ್ಣೆ ಮಟ್ಟಕ್ಕಿಂತ ಮೇಲೆ ತಿರುಗಬೇಕು. ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿ ಎಣ್ಣೆ ಸುರಿದರೆ ಕ್ರ್ಯಾಂಕ್ ಅದಕ್ಕೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದು ಅರ್ಧ ಗಾಳಿ. ಪಂಪು ಗಾಳಿ ಎಳೆದರೆ ಬೇರಿಂಗ್‌ಗೆ ಗಾಳಿಯೇ ಹೋಗುತ್ತದೆ. ಆದ್ದರಿಂದ ಟಾಪ್‌ಅಪ್ ಮಾಡುವಾಗ ಸ್ವಲ್ಪ ಜಾಸ್ತಿಯೇ ಇರಲಿ ಅಂತ ಹಾಕಬೇಡಿ.

ಈಗ ರಿಂಗ್‌ಗಳಿಗೆ ಬರೋಣ. ನಿಮ್ಮ ಪಿಸ್ಟನ್ನಿನಲ್ಲಿ ಮೂರು ರಿಂಗ್ ಇರುತ್ತವೆ. ಎಲ್ಲಕ್ಕಿಂತ ಕೆಳಗಿನದು ಆಯಿಲ್ ರಿಂಗ್. ಇದು ಸಾಮಾನ್ಯವಾಗಿ ಮೂರು ತುಂಡಿನದು, ಮೇಲೊಂದು ಕೆಳಗೊಂದು ತೆಳ್ಳನೆಯ ಉಕ್ಕಿನ ಪಟ್ಟಿ, ನಡುವೆ ಅವೆರಡನ್ನೂ ಹೊರಕ್ಕೆ ಒತ್ತಿ ಹಿಡಿಯುವ ನೆರಿಗೆ ನೆರಿಗೆಯ ಸ್ಪ್ರಿಂಗು. ಪಟ್ಟಿಗಳು ಕೆರೆದ ಎಣ್ಣೆ ಆ ನೆರಿಗೆಗಳ ಸಂದಿನಿಂದ ಒಳಕ್ಕೆ ಹೋಗಿ, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಸೀಳಿನಲ್ಲಿ ಕೊರೆದಿರುವ ತೂತುಗಳ ಮೂಲಕ ಮತ್ತೆ ಸಂಪಿಗೆ ಇಳಿಯುತ್ತದೆ. ಈ ತೂತುಗಳನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕಾರಿನ ವಿಷಯಕ್ಕೆ ಬಂದಾಗ ಬೇಕಾಗುತ್ತವೆ.

ನಡುವಿನ ರಿಂಗ್‌ನ ಮುಖ ನೇರವಾಗಿರುವುದಿಲ್ಲ, ಸ್ವಲ್ಪ ಓರೆ. ಕೆಳಗಿನ ಅಂಚು ಮಾತ್ರ ಗೋಡೆಗೆ ತಾಗುತ್ತದೆ. ಕೆಳಕ್ಕೆ ಬರುವಾಗ ಆ ಅಂಚು ಉಳಿ ಹಿಡಿದ ಹಾಗೆ ಎಣ್ಣೆಯನ್ನು ಕೆರೆಯುತ್ತದೆ. ಮೇಲಕ್ಕೆ ಹೋಗುವಾಗ ಅದೇ ಓರೆ ದೋಣಿಯ ಮೂತಿಯಂತಾಗಿ ಎಣ್ಣೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಅದಕ್ಕೇ ಈ ರಿಂಗ್‌ಗೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಗುರುತು ಹಾಕಿರುತ್ತಾರೆ. ತಲೆಕೆಳಗಾಗಿ ಕೂರಿಸಿದರೆ ಎಣ್ಣೆಯನ್ನು ಕೆರೆದು ಕೆರೆದು ಮೇಲಕ್ಕೇ ಏರಿಸುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಮೊದಲ ದಿನವೇ ನೀಲಿ ಹೊಗೆ ಬಿಟ್ಟು, ಬಿಚ್ಚಿ ನೋಡಿದಾಗ ಒಂದೇ ಒಂದು ರಿಂಗ್ ತಿರುಗುಮುರುಗಾಗಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಿಂಗ್ ಹೊಸದು, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಹೊಸದು, ಅಳತೆ ಎಲ್ಲ ಸರಿ, ಒಂದು ಓರೆ ಮಾತ್ರ ತಪ್ಪು.

ಮೇಲಿನ ರಿಂಗ್ ಹೊಗೆಯನ್ನೂ ಒತ್ತಡವನ್ನೂ ತಡೆಯುವ ರಿಂಗ್. ಅದರ ಮುಖ ನಡುವೆ ಸ್ವಲ್ಪ ಉಬ್ಬಿರುತ್ತದೆ, ಪೀಪಾಯಿಯ ಹೊಟ್ಟೆಯ ಹಾಗೆ. ಬರಿಗಣ್ಣಿಗೆ ಕಾಣುವುದಿಲ್ಲ, ಉಬ್ಬು ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಆದರೆ ಇಡೀ ಕಥೆಯೇ ಆ ಉಬ್ಬಿನಲ್ಲಿದೆ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

1883ರಲ್ಲಿ ಬ್ಯೂಚಂಪ್ ಟವರ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ರೈಲುಗಾಡಿಯ ಅಚ್ಚಿನ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲು ಅಂತ ಬೇರಿಂಗ್‌ನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗತೊಡಗಿದ ಮೇಲೆ ಎಣ್ಣೆ ಆ ತೂತಿನಿಂದ ಒಳಗೆ ಹೋಗುವ ಬದಲು ಹೊರಗೆ ಉಕ್ಕಿ ಬಂತು. ಬಿರಡೆ ಜಡಿದರೆ ಬಿರಡೆಯೂ ಎದ್ದು ಬಂತು! ಮೂರು ವರ್ಷದ ಮೇಲೆ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಲೆಕ್ಕ ಹಾಕಿ ಕಾರಣ ಕೊಟ್ಟರು. ಎರಡು ಮೇಲ್ಮೈಗಳ ನಡುವಿನ ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗುತ್ತಾ ಹೋದರೆ, ಅವುಗಳಲ್ಲಿ ಒಂದು ಓಡುತ್ತಿದ್ದರೆ, ಅಂಟಿಕೊಂಡ ಎಣ್ಣೆಯೂ ಜೊತೆಗೆ ಆ ಕಿರಿದಾದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಹೋಗಲು ಜಾಗ ಸಾಲದೆ ಅಲ್ಲಿ ಒತ್ತಡ ಏರುತ್ತದೆ. ಆ ಒತ್ತಡವೇ ಎರಡನ್ನೂ ದೂರ ದೂರ ಹಿಡಿದಿಡುತ್ತದೆ. ಯಾವ ಪಂಪೂ ಬೇಕಿಲ್ಲ. ಓಟ, ಓರೆ ಸಂದು, ಎಣ್ಣೆಯ ಅಂಟು, ಈ ಮೂರು ಸಾಕು.

ಮೇಲಿನ ರಿಂಗ್‌ನ ಉಬ್ಬು ಮಾಡುವುದು ಇದನ್ನೇ. ಉಬ್ಬಿನ ಮೇಲ್ಗಡೆ ಒಂದು ಓರೆ ಸಂದು, ಕೆಳಗಡೆ ಒಂದು ಓರೆ ಸಂದು. ಪಿಸ್ಟನ್ ಮೇಲಕ್ಕೆ ಹೋದರೂ ಕೆಳಕ್ಕೆ ಬಂದರೂ ಮುಂದಿರುವ ಓರೆಗೆ ಎಣ್ಣೆ ನುಗ್ಗಿ ರಿಂಗನ್ನು ಗೋಡೆಯಿಂದ ಎತ್ತಿ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಟಯರ್ ನೀರಿನ ಮೇಲೆ ತೇಲಿ ಹಿಡಿತ ತಪ್ಪುತ್ತದಲ್ಲ, ಹೆಚ್ಚುಕಡಿಮೆ ಅದೇ. ಅಲ್ಲಿ ಅದು ಅಪಾಯ, ಇಲ್ಲಿ ಅದೇ ರಕ್ಷೆ. ಪಿಸ್ಟನ್ ನಡುದಾರಿಯಲ್ಲಿ ಓಡುವಾಗ ರಿಂಗ್‌ಗೂ ಗೋಡೆಗೂ ನಡುವೆ ಕೆಲವು ಮೈಕ್ರಾನ್ ದಪ್ಪದ ಎಣ್ಣೆ ಇರುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರಲ್ಲಿ ಇಪ್ಪತ್ತನೇ ಒಂದು ಪಾಲು ಅಂತಿಟ್ಟುಕೊಳ್ಳಿ.

ಹಾಗಾದರೆ ಸವೆತ ಎಲ್ಲಿಂದ ಬಂತು? ತುದಿಗಳಿಂದ.

ಪಿಸ್ಟನ್ ಚಕ್ರದ ಹಾಗೆ ಒಂದೇ ಸಮನೆ ಓಡುವುದಿಲ್ಲ. ಮೇಲಿನ ತುದಿಯಲ್ಲಿ ನಿಲ್ಲುತ್ತದೆ, ತಿರುಗುತ್ತದೆ, ಕೆಳಗಿನ ತುದಿಯಲ್ಲಿ ಮತ್ತೆ ನಿಲ್ಲುತ್ತದೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ನಿಲ್ಲುತ್ತದೆ. ಓಟ ನಿಂತರೆ ಎತ್ತಿ ಹಿಡಿಯುವ ಒತ್ತಡವೂ ನಿಲ್ಲಬೇಕು. ಪುಣ್ಯಕ್ಕೆ ನಿಂತ ಗಳಿಗೆ ಬಹಳ ಚಿಕ್ಕದು, ಸಿಕ್ಕಿಹಾಕಿಕೊಂಡ ಎಣ್ಣೆಗೆ ಪಕ್ಕಕ್ಕೆ ಹರಿದು ಹೋಗಲೂ ಒಂದಿಷ್ಟು ಹೊತ್ತು ಬೇಕು, ಅಷ್ಟರಲ್ಲಿ ಪಿಸ್ಟನ್ ಮತ್ತೆ ಹೊರಟಿರುತ್ತದೆ. ಕೆಳಗಿನ ತುದಿಯಲ್ಲಿ ಇದರಿಂದ ಬಚಾವಾಗಬಹುದು. ಮೇಲಿನ ತುದಿಯಲ್ಲಿ ಕಷ್ಟ, ಯಾಕೆಂದರೆ ಎಲ್ಲ ಕೆಟ್ಟದ್ದೂ ಅಲ್ಲಿ ಒಟ್ಟಿಗೆ ಬರುತ್ತದೆ. ಕಿಡಿ ಹಾರಿ ಪೆಟ್ರೋಲ್ ಉರಿದು ಒತ್ತಡ ಏರುವುದು ಆಗಲೇ. ಪೂರ್ತಿ ಲೋಡ್‌ನಲ್ಲಿ ಅದು 50ರಿಂದ 80 ಬಾರ್‌ವರೆಗೆ ಹೋಗುತ್ತದೆ, ಕಾರಿನ ಟಯರ್‌ನಲ್ಲಿರುವುದು 2 ಚಿಲ್ಲರೆ ಬಾರ್ ಅಷ್ಟೆ. ಆ ಒತ್ತಡ ರಿಂಗ್‌ನ ಹಿಂದಿನ ಸಂದಿಗೂ ನುಗ್ಗಿ ಅದನ್ನು ಹಿಂದಿನಿಂದ ಗೋಡೆಗೆ ಅದುಮುತ್ತದೆ. ರಿಂಗ್ ಗಾಳಿ ತಡೆಯುವುದೇ ಹೀಗೆ, ತನ್ನ ಸ್ಪ್ರಿಂಗ್ ಬಲದಿಂದಲ್ಲ. ಗೋಡೆ ಕೂಡ ಅಲ್ಲೇ ಎಲ್ಲಕ್ಕಿಂತ ಬಿಸಿ, ಬಿಸಿಯಾದಷ್ಟೂ ಎಣ್ಣೆ ನೀರಾಗುತ್ತದೆ. ಓಟ ಸೊನ್ನೆ, ಒತ್ತಡ ಗರಿಷ್ಠ, ಎಣ್ಣೆ ತೆಳು. ಅಲ್ಲಿ ಪದರ 1 ಮೈಕ್ರಾನ್‌ಗಿಂತ ಕೆಳಗೆ ಇಳಿದು, ಲೋಹದ ಉಬ್ಬುತಗ್ಗುಗಳು ಒಂದಕ್ಕೊಂದು ತಾಗಲು ಶುರುವಾಗುತ್ತವೆ.

ಇದಕ್ಕೆ ಜೊತೆಯಾಗಿ ಇನ್ನೊಂದು ತೊಂದರೆ ಇದೆ, ನಿಮ್ಮ ಪ್ರಶ್ನೆ ಮುಟ್ಟಿದ್ದೂ ಅದನ್ನೇ. ಆಯಿಲ್ ರಿಂಗ್ ಮೇಲಿನ ರಿಂಗ್‌ಗಿಂತ ಒಂದು ಸೆಂಟಿಮೀಟರ್ ಆಸುಪಾಸು ಕೆಳಗಿರುತ್ತದೆ. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಹೋದಾಗಲೂ ಆಯಿಲ್ ರಿಂಗ್ ಗೋಡೆಯ ಮೇಲಿನ ಆ ಒಂದು ಸೆಂಟಿಮೀಟರ್ ಭಾಗವನ್ನು ಮುಟ್ಟುವುದಿಲ್ಲ. ಕ್ರ್ಯಾಂಕ್ ಎರಚಿದ ಹನಿಯಂತೂ ಅಲ್ಲಿಗೆ ಬರಲಾರದು. ಅಲ್ಲಿಗೆ ಹೋಗುವ ಎಣ್ಣೆ ರಿಂಗ್‌ಗಳು ಹೊತ್ತುಕೊಂಡು ಹೋದದ್ದು ಮಾತ್ರ. ಆಯಿಲ್ ರಿಂಗ್ ಬಿಟ್ಟ ಪದರದ ಮೇಲೆ ನಡುವಿನ ರಿಂಗ್ ಓಡಿ ಇನ್ನಷ್ಟು ತೆಳು ಮಾಡುತ್ತದೆ, ಉಳಿದದ್ದರ ಮೇಲೆ ಮೇಲಿನ ರಿಂಗ್ ಓಡುತ್ತದೆ. ರಿಂಗ್‌ಗಳ ನಡುವಿನ ಜಾಗದಲ್ಲಿ, ರಿಂಗ್ ಕೂರುವ ಸೀಳುಗಳಲ್ಲಿ, ಸ್ವಲ್ಪ ಸ್ವಲ್ಪ ಎಣ್ಣೆ ಸೇರಿಕೊಂಡಿರುತ್ತದೆ. ಗಾಳಿ ಒಳಗೆಳೆಯುವ ಸ್ಟ್ರೋಕ್‌ನಲ್ಲಿ (ಪಿಸ್ಟನ್ನಿನ ತುದಿಯಿಂದ ತುದಿಗಿನ ಒಂದು ಓಟಕ್ಕೆ ಸ್ಟ್ರೋಕ್ ಎನ್ನುತ್ತಾರೆ) ಮೇಲೆ ಒತ್ತಡ ಕಡಿಮೆ ಇರುವುದರಿಂದ ಅದರಲ್ಲಿ ಒಂದಿಷ್ಟು ಮೇಲಕ್ಕೆ ಜಿನುಗುತ್ತದೆ. ಇಷ್ಟೇ ಮೇಲಿನ ರಿಂಗ್‌ನ ಪಾಲು. ಹೇಳಬೇಕೆಂದರೆ ಮೇಲಿನ ರಿಂಗ್ ಯಾವಾಗಲೂ ಅರೆಹೊಟ್ಟೆಯಲ್ಲೇ ಓಡುತ್ತದೆ. ಅದರ ಹೊಟ್ಟೆ ತುಂಬಿಸಿದರೆ ಎಣ್ಣೆ ಸುಡುತ್ತದೆ, ಪೂರ್ತಿ ಉಪವಾಸ ಕೆಡವಿದರೆ ರಿಂಗ್ ಸುಡುತ್ತದೆ. ಈ ಎರಡರ ನಡುವೆ ಸರಿಯಾದ ಅಳತೆ ಹುಡುಕುವುದೇ ರಿಂಗ್ ಮಾಡುವವರ ಜೀವಮಾನದ ಕೆಲಸ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜಾಣತನ ಇನ್ನೆಲ್ಲೂ ಸಿಗುವುದಿಲ್ಲ ಅಂತ ನನಗೆ ಇಂದಿಗೂ ಅನಿಸುತ್ತದೆ.

ಬಹಳ ಓಡಿದ ಹಳೆಯ ಎಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿದಾಗ ಬೋರ್‌ನ ಮೇಲಂಚಿಗೆ ಉಗುರು ಎಳೆದು ನೋಡಿ. ಒಂದು ಕಡೆ ಉಗುರು ಟಕ್ ಅಂತ ತಡೆಯುತ್ತದೆ. ಮೇಲಿನ ರಿಂಗ್ ನಿಂತು ತಿರುಗುವ ಜಾಗ ಅದು. ಅದರ ಮೇಲೆ ರಿಂಗ್ ಹೋಗುವುದಿಲ್ಲ, ಅದಕ್ಕೆ ಅಲ್ಲಿನ ಲೋಹ ಹಾಗೇ ಉಳಿದಿರುತ್ತದೆ, ಕೆಳಗೆ ಸವೆದಿರುತ್ತದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಉಗುರಿನ ತುದಿಗೆ ಸಿಗುವುದು ಅಲ್ಲಿ.

ಎಣ್ಣೆ ಪದರ ಕೈಕೊಟ್ಟ ಆ ಗಳಿಗೆಯಲ್ಲಿ ಕಾಯುವುದು ಯಾರು? ಎಣ್ಣೆಯಲ್ಲಿ ಕರಗಿಸಿರುವ ಸತು ಮತ್ತು ರಂಜಕ ಇರುವ ರಾಸಾಯನಿಕ. ಝೆಡ್‌ಡಿಡಿಪಿ ಎನ್ನುತ್ತಾರೆ. ಇದರ ಗುಣ ಏನೆಂದರೆ ತಣ್ಣಗಿರುವ ಕಡೆ ಸುಮ್ನೆ ಇರುತ್ತದೆ, ಎಲ್ಲಿ ಲೋಹ ಉಜ್ಜಿ ಬಿಸಿ ಏರುತ್ತದೋ ಅಲ್ಲೇ ಒಡೆದು, ಲೋಹದ ಮೇಲೆ ಗಾಜಿನಂಥ ಒಂದು ಪೊರೆ ಕಟ್ಟುತ್ತದೆ. ಉಜ್ಜಿದಾಗ ಲೋಹದ ಬದಲು ಈ ಪೊರೆ ಸವೆಯುತ್ತದೆ, ಸವೆದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಾದರೆ ಜಾಸ್ತಿ ಹಾಕಿಬಿಡೋಣ ಅಂದರೆ ಆಗುವುದಿಲ್ಲ. ಸುಟ್ಟ ಎಣ್ಣೆಯ ಜೊತೆ ಹೋಗುವ ರಂಜಕ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಅದಕ್ಕೇ ಈಗಿನ ಪೆಟ್ರೋಲ್ ಕಾರಿನ ಎಣ್ಣೆಗಳಲ್ಲಿ ರಂಜಕಕ್ಕೆ ಮಿತಿ ಇದೆ. ಅಂಗಡಿಯಲ್ಲಿ ಸಿಗುವ ಬೇರೆ ಸೀಸೆಯ ಔಷಧಗಳನ್ನು ಇದರ ಮೇಲೆ ಸುರಿಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ, ಎಣ್ಣೆ ಮಾಡಿದವರು ತೂಗಿ ಹಾಕಿದ ಅಳತೆಯನ್ನು ನಾವು ಕೆಡಿಸಿದಂತಾಗುತ್ತದೆ.

ಗೋಡೆಯ ಬಗ್ಗೆಯೂ ಹೇಳಬೇಕು. ಸಿಲಿಂಡರ್ ಗೋಡೆ ಕನ್ನಡಿಯ ಹಾಗೆ ನಯವಾಗಿರಬೇಕು ಅಂತ ಅನಿಸುತ್ತದೆ ಅಲ್ವಾ? ಎರಕದ ಕಬ್ಬಿಣದ ಬೋರ್‌ನಲ್ಲಿ ಹಾಗಿದ್ದರೆ ಎಣ್ಣೆ ನಿಲ್ಲುವುದೇ ಇಲ್ಲ. ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೀರು ಹಾಕುತ್ತಾರೆ, ಚಾಪೆ ಹೆಣೆದ ಹಾಗೆ ಒಂದನ್ನೊಂದು ಕತ್ತರಿಸುವ ಗೀರುಗಳು. ಆಮೇಲೆ ಗೀರುಗಳ ಚೂಪು ತಲೆಗಳನ್ನು ಮಾತ್ರ ಸವರಿ ಚಪ್ಪಟೆ ಮಾಡುತ್ತಾರೆ. ಚಪ್ಪಟೆ ಭಾಗದ ಮೇಲೆ ರಿಂಗ್ ಕೂರುತ್ತದೆ, ಗೀರಿನ ತಳದಲ್ಲಿ ಎಣ್ಣೆ ಕೂರುತ್ತದೆ. ಆಯಿಲ್ ರಿಂಗ್ ಎಷ್ಟೇ ಒತ್ತಿ ಕೆರೆದರೂ ಗೀರಿನೊಳಗಿನ ಎಣ್ಣೆ ಅದರ ಕೈಗೆ ಸಿಗುವುದಿಲ್ಲ. ಎರಕದ ಕಬ್ಬಿಣದಲ್ಲೇ ಗ್ರಾಫೈಟಿನ ಸಣ್ಣ ಚೂರುಗಳಿರುತ್ತವೆ, ಅವೂ ಒಣಗಳಿಗೆಯಲ್ಲಿ ಜಾರಲು ನೆರವಾಗುತ್ತವೆ. ಅಲ್ಯೂಮಿನಿಯಂ ಬ್ಲಾಕಿಗೆ ಕಬ್ಬಿಣದ ಕೊಳವೆ (ಸ್ಲೀವ್) ಕೂರಿಸುತ್ತಾರೆ, ಇಲ್ಲವೇ ಗಟ್ಟಿ ಲೇಪ ಕೊಡುತ್ತಾರೆ. 1967ರಲ್ಲಿ ಜರ್ಮನಿಯ ಮಾಲೆ ಕಂಪನಿ ತಂದ ನಿಕಾಸಿಲ್ ಅಂಥದ್ದು, ನಿಕ್ಕೆಲ್‌ನೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳು.

ಈಗ ಸುಡುವ ಪ್ರಶ್ನೆ. ಉರಿಯುವ ಗಾಳಿಯ ಬಿಸಿ 2000 ಡಿಗ್ರಿಗೂ ಮೇಲೆ, ನಿಜ. ಆದರೆ ಎಣ್ಣೆ ಅಂಟಿಕೊಂಡಿರುವುದು ಗೋಡೆಗೆ. ಗೋಡೆಯ ಹಿಂದೆ ಕೂಲೆಂಟ್ ಹರಿಯುತ್ತಿದೆ, ಹಾಗಾಗಿ ಗೋಡೆಯ ಮೇಲ್ಮೈ ಬಹುಪಾಲು 100ರಿಂದ 200 ಡಿಗ್ರಿ ಒಳಗೇ ಇರುತ್ತದೆ. ಬೆಂಕಿ ಗೋಡೆಯ ಹತ್ತಿರ ಬರುತ್ತಿದ್ದಂತೆ ಬಿಸಿ ಕಳೆದುಕೊಂಡು ಆರಿಹೋಗುತ್ತದೆ, ಗೋಡೆಗೆ ಅಂಟಿದ ಹಾಗೆ ಒಂದು ತೆಳುವಾದ ಉರಿಯದ ಗಾಳಿಯ ಪದರ ಉಳಿಯುತ್ತದೆ. ಮೇಲಾಗಿ ಹೊತ್ತೇ ಇಲ್ಲ. 3000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕ್‌ಗೆ ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟರೊಳಗೆ ಎಣ್ಣೆ ಕಾಯ್ದು, ಆವಿಯಾಗಿ, ಉರಿಯಬೇಕು. ಒಂದು ಚೂರು ಆವಿಯಾಗುತ್ತದೆ. ಉಳಿದದ್ದು ಉಳಿಯುತ್ತದೆ.

ಎಷ್ಟು ಚೂರು ಅಂತ ನಿಮ್ಮ ಕಾರಿನಿಂದಲೇ ಲೆಕ್ಕ ಹಾಕೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ 2500 ಆರ್‌ಪಿಎಂ ಅಂತಿಟ್ಟುಕೊಳ್ಳಿ. 10,000 ಕಿ.ಮೀ. ಓಡಲು 100 ಗಂಟೆ. ಅಷ್ಟರಲ್ಲಿ ಕ್ರ್ಯಾಂಕ್ 1.5 ಕೋಟಿ ಸುತ್ತು ಹಾಕುತ್ತದೆ. ನಾಲ್ಕು ಪಿಸ್ಟನ್ ಸೇರಿ 6 ಕೋಟಿ ಸಲ ಕೆಳಗಿಳಿಯುತ್ತವೆ. 1 ಲೀಟರ್ ಅಂದರೆ 10 ಲಕ್ಷ ಘನ ಮಿಲಿಮೀಟರ್. ಭಾಗಿಸಿದರೆ ಒಂದು ಸಲ ಇಳಿದಾಗ ಕಳೆದುಹೋಗುವುದು ಒಂದು ಘನ ಮಿಲಿಮೀಟರಿನ ಅರವತ್ತನೇ ಒಂದು ಭಾಗ. ಬೋರ್ 80 ಮಿ.ಮೀ., ಸ್ಟ್ರೋಕ್ 86 ಮಿ.ಮೀ. ಆದರೆ ಪಿಸ್ಟನ್ ಓಡಾಡುವ ಗೋಡೆ ಸುಮಾರು 21,600 ಚದರ ಮಿಲಿಮೀಟರ್, ಅದರ ಮೇಲೆ ಬರೀ 1 ಮೈಕ್ರಾನ್ ಎಣ್ಣೆ ಇದ್ದರೂ 21.6 ಘನ ಮಿಲಿಮೀಟರ್ ಆಯಿತು. ಅಂದರೆ ಗೋಡೆಯ ಮೇಲಿರುವ ಎಣ್ಣೆಯಲ್ಲಿ ಸಾವಿರದಲ್ಲಿ ಒಂದು ಪಾಲೂ ಪ್ರತಿ ಸಲ ಹೋಗುತ್ತಿಲ್ಲ! ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನು ಎರಡೆರಡು ಬಾರಿ ತಾಳೆ ನೋಡಿದ್ದೆ.

ಆದ್ದರಿಂದ ನಿಮ್ಮ ಎಂಜಿನ್ ಬಿಚ್ಚಿಸುವ ಅಗತ್ಯ ಈಗ ಇಲ್ಲ. ಬಹಳ ಕಂಪನಿಗಳ ಕೈಪಿಡಿಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಖರ್ಚನ್ನೂ ಸರಿ ಎಂದೇ ಬರೆದಿರುತ್ತಾರೆ. ಎಣ್ಣೆ ಸ್ವಲ್ಪವೂ ಕಡಿಮೆಯಾಗುತ್ತಿಲ್ಲ ಅಂತ ಖುಷಿಪಡುವವರಲ್ಲಿ ಕೆಲವರ ಎಂಜಿನ್ನಿನಲ್ಲಿ ಪೆಟ್ರೋಲು, ನೀರಿನಂಶ ಎಣ್ಣೆಗೆ ಸೇರಿ ಮಟ್ಟವನ್ನು ಸರಿದೂಗಿಸುತ್ತಿರುತ್ತದೆ. ಬೆಳಿಗ್ಗೆ ಎರಡು ಕಿ.ಮೀ., ಸಂಜೆ ಎರಡು ಕಿ.ಮೀ. ಓಡಿಸಿ ಎಂಜಿನ್ ಬಿಸಿಯಾಗುವ ಮೊದಲೇ ಆರಿಸುವವರಲ್ಲಿ ಇದು ಹೆಚ್ಚು.

ಹಾಗೆ ನೋಡಿದರೆ ಗೋಡೆಯ ಎಣ್ಣೆಗೆ ಬೆಂಕಿಗಿಂತ ದೊಡ್ಡ ಶತ್ರು ಪೆಟ್ರೋಲು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಹೆಚ್ಚು ಪೆಟ್ರೋಲ್ ಬೇಕು, ಅದರಲ್ಲಿ ಆವಿಯಾಗದ ಪಾಲು ಗೋಡೆಗೆ ಬಡಿದು ಎಣ್ಣೆಯನ್ನು ತೊಳೆದು ಹಾಕುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ, ಒಂದು ಸಿಲಿಂಡರ್‌ನ ಪ್ಲಗ್ ಕಿಡಿ ಕೊಡದೆ ಮಿಸ್ ಆಗುತ್ತಿದ್ದರೆ, ಇದು ಪ್ರತಿ ಗಳಿಗೆಯೂ ನಡೆಯುತ್ತದೆ. ಮಿಸ್ ಹೊಡೆಯುವ ಎಂಜಿನ್ನನ್ನು ಆಮೇಲೆ ನೋಡೋಣ ಅಂತ ವಾರಗಟ್ಟಲೆ ಓಡಿಸಬೇಡಿ, ದಯವಿಟ್ಟು. ಎರಡನೆಯ ಶತ್ರು ದೂಳು. ಏರ್ ಫಿಲ್ಟರ್ ಹರಿದಿದ್ದರೆ ಒಳಗೆ ಬರುವ ಮರಳಿನ ಕಣ ಪದರಕ್ಕಿಂತ ಎಷ್ಟೋ ಪಟ್ಟು ದಪ್ಪ, ಕಬ್ಬಿಣಕ್ಕಿಂತ ಗಟ್ಟಿ. ಅದರ ಎದುರು ಯಾವ ಎಣ್ಣೆಯೂ ನಿಲ್ಲುವುದಿಲ್ಲ.

ಎಣ್ಣೆ ಖರ್ಚಾಗುತ್ತಿದೆ ಅಂದ ಕೂಡಲೇ ದಪ್ಪ ಎಣ್ಣೆ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೈಪಿಡಿಯಲ್ಲಿ 5ಡಬ್ಲ್ಯೂ-30 ಅಂತಿದ್ದರೆ ಅದನ್ನೇ ಹಾಕಿ, ಕೈಪಿಡಿಯೇ ಎರಡು ಗ್ರೇಡ್‌ಗಳಿಗೆ ಒಪ್ಪಿದ್ದರೆ ಮಾತ್ರ ದಪ್ಪನೆಯದನ್ನು ಆರಿಸಿ. ದಪ್ಪ ಎಣ್ಣೆ ನಡುದಾರಿಯಲ್ಲಿ ಪದರವನ್ನು ದಪ್ಪ ಮಾಡುತ್ತದೆ, ಅಲ್ಲಿ ಮೊದಲೇ ಸಾಕಷ್ಟಿತ್ತು. ಕಷ್ಟ ಇದ್ದದ್ದು ಮೇಲಿನ ತುದಿಯಲ್ಲಿ, ಅಲ್ಲಿ ಕಾಯುವುದು ಪೊರೆ ಕಟ್ಟುವ ರಾಸಾಯನಿಕ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ದಪ್ಪ ಎಣ್ಣೆ ಬೇರಿಂಗ್ ತಲುಪುವುದೂ ತಡ, ಅಲ್ಲಿಂದ ಗೋಡೆಗೆ ಸಿಡಿಯುವುದೂ ತಡ. ದಪ್ಪಕ್ಕಿಂತ ಎಣ್ಣೆ ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದು ಮುಖ್ಯ. ಅದನ್ನು ಅಳೆಯಲು ನೋಕ್ ಪರೀಕ್ಷೆ ಅಂತ ಇದೆ, 250 ಡಿಗ್ರಿಯಲ್ಲಿ 1 ಗಂಟೆ ಇಟ್ಟು ಎಷ್ಟು ತೂಕ ಹಾರಿಹೋಯಿತು ಅಂತ ನೋಡುತ್ತಾರೆ. ಸಾಮಾನ್ಯವಾಗಿ ಶೇ. 15 ಮಿತಿ, ಒಳ್ಳೆಯ ಸಿಂಥೆಟಿಕ್ ಎಣ್ಣೆಗಳು ಅದಕ್ಕಿಂತ ಚೆನ್ನಾಗಿ ಕೆಳಗಿರುತ್ತವೆ. ಡಬ್ಬಿಯ ಮೇಲೆ ಇದು ಇರುವುದಿಲ್ಲ, ಕಂಪನಿಯ ಮಾಹಿತಿ ಹಾಳೆಯಲ್ಲಿ ಸಿಗುತ್ತದೆ.

ಆಗಲೇ ನೆನಪಿಟ್ಟುಕೊಳ್ಳಿ ಅಂದ ತೂತುಗಳಿಗೆ ಬರೋಣ. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ ಇದ್ದರೆ ಅದು ಬೆಂದು ಆಯಿಲ್ ರಿಂಗ್‌ನ ನೆರಿಗೆಗಳಲ್ಲಿ, ಆ ತೂತುಗಳಲ್ಲಿ ಇಂಗಾಲವಾಗಿ ಕಟ್ಟಿಕೊಳ್ಳುತ್ತದೆ. ಕೆರೆದ ಎಣ್ಣೆಗೆ ಇಳಿಯಲು ದಾರಿ ಇಲ್ಲ. ರಿಂಗ್ ಸಿಕ್ಕಿಕೊಂಡು ಗೋಡೆಗೆ ಒತ್ತುವುದನ್ನೂ ಬಿಡುತ್ತದೆ. ಆಗ ಖರ್ಚು 10,000 ಕಿ.ಮೀ.ಗೆ 1 ಲೀಟರ್ ಇದ್ದದ್ದು 2,000ಕ್ಕೆ, 1,000ಕ್ಕೆ ಅಂತ ಏರುತ್ತಾ ಹೋಗುತ್ತದೆ. ಹೊಸ ಎಂಜಿನ್‌ಗಳಲ್ಲಿ ಉಜ್ಜಾಟ ತಗ್ಗಿಸಲು ರಿಂಗ್‌ನ ಬಿಗಿಯನ್ನು ಕಡಿಮೆ ಮಾಡಿರುತ್ತಾರೆ, ಅಂಥವು ಕೊಳೆಗೆ ಬೇಗ ಸೋಲುತ್ತವೆ. ಹಾಗಾಗಿ ನೀವು ನೋಡಬೇಕಾದದ್ದು ಇಂದಿನ ಅಂಕಿಯನ್ನಲ್ಲ, ಅದು ಏರುತ್ತಿದೆಯೇ ಎಂಬುದನ್ನು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, 1,000 ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ನೋಡಿ ಬರೆದಿಡಿ.

ಹೊಗೆಯನ್ನೂ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಭುಸ್ ಅಂತ ನೀಲಿ ಹೊಗೆ ಬಂದು ನಿಂತರೆ, ಅಥವಾ ಬಹಳ ಹೊತ್ತು ನಿಂತಲ್ಲೇ ಓಡಿಸಿ ಹೊರಟಾಗ ಬಂದರೆ, ಅನುಮಾನ ವಾಲ್ವ್ ಸೀಲಿನ ಮೇಲೆ, ರಿಂಗ್ ಮೇಲಲ್ಲ. ಏರು ಹತ್ತುವಾಗ, ಜೋರಾಗಿ ಒತ್ತಿದಾಗ ಬಿಡದೆ ಬಂದರೆ ರಿಂಗ್. ಇನ್ನೂ ಅನುಮಾನವಿದ್ದರೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂಬ ಪರೀಕ್ಷೆ, ಮಾಡಿಸಿ. ಒತ್ತಡ ಕಡಿಮೆ ತೋರಿಸಿದ ಸಿಲಿಂಡರ್‌ನ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಎಣ್ಣೆ ರಿಂಗ್‌ನ ಸುತ್ತ ನಿಂತು ಸಂದು ಮುಚ್ಚುತ್ತದೆ. ಅಂಕಿ ಚೆನ್ನಾಗಿ ಏರಿದರೆ ದೋಷ ರಿಂಗ್ ಅಥವಾ ಬೋರ್‌ನದು, ಏರದಿದ್ದರೆ ವಾಲ್ವ್ ಕಡೆ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಹುಡುಕಬೇಕು. ಆಯಿಲ್ ರಿಂಗ್ ಮಾತ್ರ ಸಿಕ್ಕಿಕೊಂಡಿದ್ದರೆ ಕಂಪ್ರೆಶನ್ ಸರಿಯಾಗಿಯೇ ಬರಬಹುದು, ಯಾಕೆಂದರೆ ಒತ್ತಡ ತಡೆಯುವುದು ಮೇಲಿನ ರಿಂಗ್. ಕಂಪ್ರೆಶನ್ ಸರಿ ಇದೆ, ಆದ್ದರಿಂದ ರಿಂಗ್ ಸರಿ ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಬೇಡಿ, ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆ ನೋಡಲು ಹೇಳಿ. ಅಂಚಿನ ಸುತ್ತ ಮಸಿ ತೊಳೆದು ಒದ್ದೆಯಾಗಿ ಹೊಳೆಯುತ್ತಿದ್ದರೆ ಎಣ್ಣೆ ಕೆಳಗಿನಿಂದ ಏರುತ್ತಿದೆ ಅಂತ ಅರ್ಥ.